ರಾಯಭಾರಿಯ ಪಾಳಿ

ಪಾಟನ್, ಭಾದ್ರಪದ ೧೦

ತಮ್ಮ ಅಷ್ಟಮಾನ್‌ಗೆ ಅಣ್ಣ ಹೇರಾಕಾಜಿಯ ಆಶೀರ್ವಾದ.

ಹೋದ ಭಾನುವಾರ ನೀನು ಫೋನ್ ಮಾಡಿದಾಗ ನಿನ್ನ ಅತ್ತಿಗೆ ಅದನ್ನು ನನ್ನ ಕಿವಿಗೆ ಒತ್ತಿ ಹಿಡಿದಳು. ಐವತ್ತು ವರ್ಷ ತಾಮ್ರ ಬಡಿದ ಕಿವಿ ಇದು. ಪಕ್ಕದಲ್ಲಿ ಕೂತವರ ಮಾತೇ ಕೇಳದು, ಬ್ರೆಜಿಲ್ ಎಲ್ಲಿಂದ ಕೇಳಬೇಕು. ನಾನು ಕೂಗಿದ್ದನ್ನು ಓಣಿಯವರೆಲ್ಲ ಕೇಳಿಸಿಕೊಂಡರು, ನೀನೊಬ್ಬನನ್ನು ಬಿಟ್ಟು. ಆದ್ದರಿಂದ ಕಾಗದವೇ ಸರಿ. ನಿಮ್ಮ ಇಲಾಖೆಯ ಟಪಾಲು ಚೀಲದಲ್ಲಿ ಹಾಕಿಸಿದರೆ ಎರಡು ವಾರಕ್ಕೆ ಮುಟ್ಟುತ್ತದೆ ಎಂದಿದ್ದೆಯಲ್ಲ, ಕಾಠ್ಮಂಡುವಿನ ಆ ಕಚೇರಿಗೇ ನಡೆದು ಹೋಗಿ ಕೊಟ್ಟು ಬರುತ್ತೇನೆ.

ವಿಷಯ ಇಷ್ಟೇ. ಬರುವ ಕಾರ್ತಿಕದಿಂದ ಒಂದು ವರ್ಷ ನಮ್ಮ ಗುಠಿಯ ಪಾಳಿ ನಿನ್ನದು. ದೇಶ ದೇಶ ಸುತ್ತಿ ಮರೆತಿದ್ದರೆ ನೆನಪಿಸುತ್ತೇನೆ. ಗುಠಿ ಅಂದರೆ ಓಣಿಯ ತಾಮ್ರಕಾರರ ಕೂಟ. ಅದರಲ್ಲಿ ಯಾರ ಮನೆಯಲ್ಲಿ ಸಾವಾದರೂ ಪಾಳಿಯವನು ಬಾಗಿಲು ಬಾಗಿಲಿಗೆ ಹೋಗಿ ಕರೆಯಬೇಕು. ಬಿದಿರು, ಬಟ್ಟೆ, ಸೌದೆ ಹೊಂದಿಸಬೇಕು. ಅವನು ಕರೆದರೆ ಮಾತ್ರ ಉಳಿದ ಮನೆಯವರು ಎದ್ದು ಬಂದು ಹೆಗಲು ಕೊಡುತ್ತಾರೆ. ಸಾವಿನ ಮನೆಯವರು ಒಂದು ಕಡ್ಡಿಯನ್ನೂ ಎತ್ತುವ ಹಾಗಿಲ್ಲ. ಅವರ ಕೆಲಸ ಕೂತು ಅಳುವುದು.

ಮದುವೆಯಾಗಿ ಒಲೆ ಬೇರೆ ಮಾಡಿಕೊಂಡ ದಿನವೇ ಗುಠಿಯಲ್ಲಿ ನಿನ್ನ ಹೆಸರೂ ಬೇರೆಯಾಯಿತು, ಪಾಳಿಯೂ ಬೇರೆಯಾಯಿತು. ಅಂದಿನಿಂದ ಎರಡು ಸಲ ನಿನ್ನ ಪಾಳಿ ಬಂತು. ಎರಡು ಸಲವೂ ನೀನು ಯಾವುದೋ ಊರಿನಲ್ಲಿ ಯಾವನೋ ಮಂತ್ರಿಯ ಕೋಟು ಹಿಡಿದುಕೊಂಡು ನಿಂತಿದ್ದೆ. ನಾನೇ ಮಾಡಿದೆ. ಈ ಸಲ ಗುಠಿಯ ಹಿರಿಯ ಕುಲನಾರಾಯಣ ಅಜ್ಜ ಒಪ್ಪುತ್ತಿಲ್ಲ. "ನಿನ್ ತಮ್ಮ ದೊಡ್ ಮನುಷ್ಯ ಆಗಿರ್ಬೋದು ಹೇರಾಕಾಜಿ, ಸತ್ತಾಗ ಹೊರೋಕೆ ನಾವೇ ಬರ್ಬೇಕಲ್ಲ. ಮೂರನೇ ಸಲಾನೂ ಮುಖ ತೋರಿಸ್ಲಿಲ್ಲ ಅಂದ್ರೆ ಹೆಸರು ತೆಗೆದು ಹಾಕ್ತೀವಿ" ಅಂದ. ಹೆಸರು ತೆಗೆದರೆ ನಾಳೆ ನೀನು ಸತ್ತಾಗ ಓಣಿಯ ಒಂದು ಬಾಗಿಲೂ ತೆರೆಯುವುದಿಲ್ಲ.

ವರ್ಷಪೂರ್ತಿ ಇಲ್ಲಿ ಕೂರು ಎಂದು ನಾನು ಹೇಳುತ್ತಿಲ್ಲ. ಕಾರ್ತಿಕದ ಗುಠಿ ಊಟಕ್ಕೆ ಬಾ. ಸಾಲಿನಲ್ಲಿ ಕೂತು, ಬಾಯಿ ಬಿಟ್ಟು, ಪಾಳಿ ನನ್ನದು ಎಂದು ಒಪ್ಪಿಕೋ. ಒಪ್ಪಿಕೊಂಡವನು ಊರಲ್ಲಿ ಇಲ್ಲದಾಗ ಅಣ್ಣ ನಿಂತರೆ ಯಾರೂ ಏನೂ ಅನ್ನುವುದಿಲ್ಲ. ಒಪ್ಪಿಕೊಳ್ಳುವ ಬಾಯಿ ಮಾತ್ರ ನಿನ್ನದೇ ಆಗಬೇಕು.

ಹೇರಾಕಾಜಿ

ಬಾಬು, ಅಣ್ಣನ ಮಾತಿಗೆ ಬೇಜಾರು ಮಾಡಿಕೊಳ್ಳಬೇಡ, ಬಂದು ಹೋಗು. ಅಲ್ಲಿ ಒಣ ಹವೆಗೆ ಮೂಗಿನಲ್ಲಿ ರಕ್ತ ಬರುತ್ತದೆ ಅಂದೆಯಲ್ಲ, ರಾತ್ರಿ ಸಾಸಿವೆ ಎಣ್ಣೆ ಹಚ್ಚಿಕೋ. — ಅತ್ತಿಗೆ


ಬ್ರೆಸಿಲಿಯಾ, ೨೦ ಸೆಪ್ಟೆಂಬರ್ ೨೦೧೩

ಅಣ್ಣನಿಗೆ, ಅತ್ತಿಗೆಗೆ ನಮಸ್ಕಾರಗಳು.

ಇಲ್ಲಿ ಮಳೆ ಬಿದ್ದು ಎಷ್ಟೋ ತಿಂಗಳಾಯಿತು. ಕೆಂಪು ಧೂಳು ಕಪಾಟಿನಲ್ಲಿಟ್ಟ ಟೋಪಿಯ ಮಡಿಕೆಗೂ ಇಳಿದಿದೆ. ಸಾಸಿವೆ ಎಣ್ಣೆ ಸಿಗುವುದಿಲ್ಲ, ತೆಂಗಿನೆಣ್ಣೆ ಹಚ್ಚುತ್ತಿದ್ದೇನೆ ಎಂದು ಅತ್ತಿಗೆಗೆ ಹೇಳು.

ಅಣ್ಣ, ನೀನು ಬರೆದದ್ದು ನಿಜ. ಇಪ್ಪತ್ತೊಂಬತ್ತು ವರ್ಷ ಬೇರೆಯವರ ಕೋಟು ಹಿಡಿದೆ. ಯಾರು ಯಾರ ಪಕ್ಕ ಕೂರಬೇಕು, ಯಾರ ಬಾವುಟ ಎಷ್ಟು ಎತ್ತರ ಇರಬೇಕು ಎಂದು ನೋಡುವುದರಲ್ಲೇ ಕೂದಲು ಹಣ್ಣಾಯಿತು. ಈಗ, ನಿವೃತ್ತಿಗೆ ಹತ್ತು ತಿಂಗಳು ಇರುವಾಗ, ರಾಯಭಾರಿ ಎಂದು ಕಳಿಸಿದ್ದಾರೆ. ಆದರೆ ನಾನಿನ್ನೂ ರಾಯಭಾರಿ ಅಲ್ಲ. ನಮ್ಮ ರಾಷ್ಟ್ರಪತಿಯವರ ಪತ್ರವನ್ನು ಇಲ್ಲಿನ ಅಧ್ಯಕ್ಷರ ಕೈಗೆ ಕೊಡುವವರೆಗೆ ನಾನು ಬರೀ ಬಂದಿಳಿದವನು. ಕಾರಿಗೆ ಬಾವುಟ ಹಾಕುವ ಹಾಗಿಲ್ಲ, ಸಮಾರಂಭಗಳಿಗೆ ಹೋಗುವ ಹಾಗಿಲ್ಲ. ಆ ಪತ್ರವನ್ನು ಅವರು ವರ್ಷಕ್ಕೆ ಕೆಲವೇ ಸಲ, ಐದಾರು ಜನರನ್ನು ಒಟ್ಟಿಗೆ ಕರೆದು ತೆಗೆದುಕೊಳ್ಳುತ್ತಾರೆ. ಯಾವಾಗ ಎಂದು ಮೊದಲೇ ಹೇಳುವುದಿಲ್ಲ. ನಾನು ಊರಿಗೆ ಬಂದಾಗ ಕರೆ ಬಂದರೆ ಮುಂದಿನ ಸಲದವರೆಗೆ ಕಾಯಬೇಕು, ಮುಂದಿನ ಸಲಕ್ಕೆ ನಾನು ನಿವೃತ್ತನಾಗಿರಲೂಬಹುದು. ಅಡುಗೆಯ ಸೆಬಾಸ್ತಿಯಾನಾ ದಿನಾ ಕಾರಿನ ಬರಿಯ ಕಂಬಿ ನೋಡಿ ನಗುತ್ತಾಳೆ. "ಸಿನ್ಯೋರ್, ಇದು ಹಬ್ಬ ಇಲ್ಲದ ಮನೆಗೆ ತೋರಣದ ಹಗ್ಗ ಕಟ್ಟಿದ ಹಂಗಾಯ್ತು" ಅನ್ನುತ್ತಾಳೆ. ನಾನೂ ನಗುತ್ತೇನೆ. ಬೇರೆ ಏನು ಮಾಡಲಿ.

ಒಂದು ದಾರಿ ಯೋಚಿಸಿದ್ದೇನೆ. ರಾಯಭಾರಿ ಇಲ್ಲದಾಗ ಅವನ ಬದಲು ಒಬ್ಬರು ಕೂರುವುದು ನಮ್ಮ ಕೆಲಸದಲ್ಲಿ ದಿನನಿತ್ಯದ ಪದ್ಧತಿ. ಅವರು ಆಡಿದ್ದು ನಾವೇ ಆಡಿದಂತೆ. ನಮ್ಮ ಇಲಾಖೆಯಲ್ಲಿ ಬಿಮರ್ಶ ಪೌಡೆಲ್ ಎಂಬ ಅಧಿಕಾರಿ ಇದ್ದಾನೆ, ಬಹಳ ಸಭ್ಯ. ನನ್ನ ಪರವಾಗಿ ಪಾಳಿ ಒಪ್ಪಿಕೊಳ್ಳುವ ಅಧಿಕಾರಪತ್ರವನ್ನು ಅವನ ಕೈಗೆ ಕೊಟ್ಟು, ಅರಗಿನ ಮುದ್ರೆ ಹಾಕಿಸಿ ಗುಠಿಗೆ ಕಳಿಸುತ್ತೇನೆ. ಕುಲನಾರಾಯಣ ಅಜ್ಜನಿಗೆ ಇದರಿಂದ ಮರ್ಯಾದೆ ಮಾಡಿದ ಹಾಗೂ ಆಗುತ್ತದೆ.

ಹೆಸರು ಮಾತ್ರ ತೆಗೆಯಲು ಬಿಡಬೇಡ ಅಣ್ಣ. ಕ್ಯಾನ್‌ಬೆರಾದಲ್ಲಿ ನನ್ನಾಕೆ ರಜನಿ ತೀರಿಕೊಂಡಾಗ ಎಲ್ಲ ಗೌರವದಿಂದ ನಡೆಯಿತು ಎಂದು ನಿನಗೆ ಬರೆದಿದ್ದೆ. ಅದಾದ ಮೇಲೆ ಬೇರೆ ಏನಿಲ್ಲದಿದ್ದರೂ ಗುಠಿ ಇರಬೇಕು ಅನ್ನಿಸಿದೆ.

ಅಷ್ಟಮಾನ್


ಪಾಟನ್, ಕಾರ್ತಿಕ ೨೦

ತಮ್ಮನಿಗೆ ಆಶೀರ್ವಾದ.

ಗುಠಿ ಊಟ ಆಯಿತು. ನಿನ್ನ ಬಿಮರ್ಶ ಕೋಟು ಟೈ ಹಾಕಿಕೊಂಡು ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ನಿನ್ನ ಕಾಗದ ಓದಿದ. ಎಲ್ಲರೂ ಕೇಳಿಸಿಕೊಂಡರು. ಅರಗಿನ ಮುದ್ರೆಯನ್ನು ಅಜ್ಜ ಬೆರಳಿನಿಂದ ಮುಟ್ಟಿ ನೋಡಿದ. ಹುಡುಗ ಬಾಹುನರವನು, ಬ್ರಾಹ್ಮಣ, ಎಮ್ಮೆ ಮಾಂಸದ ಸಾಲಿನಲ್ಲಿ ಪಾಪ ಕರವಸ್ತ್ರ ಹಿಡಿದುಕೊಂಡೇ ಕೂತಿದ್ದ. ಊಟ ಮಾಡಲಿಲ್ಲ. ಅವಲಕ್ಕಿ ಮಾತ್ರ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ.

ಎಂದಿನ ಹಾಗೆ ಬಲಿಯ ತಲೆಯ ಬಲಗಣ್ಣು ಅಜ್ಜನ ಎಲೆಗೆ ಬಿತ್ತು, ಎಡಗಣ್ಣು ಎರಡನೆಯವನಿಗೆ, ಹಾಗೇ ಹಿರಿತನದ ಪ್ರಕಾರ ಕೆಳಗೆ. ನನಗೆ ಕಿವಿ ಬಂತು. ನನ್ನದು ಕೇಳದು ಎಂದು ಕೊಟ್ಟರೇನೋ. ನಿನಗೂ ಒಂದು ಎಲೆ ಹಾಕಿತ್ತು.

ನಿನ್ನ ಹೆಸರು ಇದೆ. ಕೆಲಸ ನೋಡಿಕೋ.

ಹೇರಾಕಾಜಿ

ಬಾಬು, ಲಪ್ಸಿ ಹುಳಿಕಾಯಿಯ ಉಪ್ಪಿನಕಾಯಿ ಹಾಕಿದ್ದೇನೆ. ಜಾಡಿ ಚೀಲದಲ್ಲಿ ಕಳಿಸಲು ಆಗುವುದಿಲ್ಲ ಅಂದರು. ನೀನು ಬಂದಾಗಲೇ ತಿನ್ನು. ನನಗೆ ಚಳಿಗೆ ಸ್ವಲ್ಪ ಕೆಮ್ಮು. ಗುಠಿಯಲ್ಲಿ ನಿನ್ನ ಎಲೆ ನಾನೇ ಎತ್ತಿದೆ. — ಅತ್ತಿಗೆ


ಬ್ರೆಸಿಲಿಯಾ, ೧೮ ಡಿಸೆಂಬರ್ ೨೦೧೩

ಅಣ್ಣ, ಅತ್ತಿಗೆ, ಇಬ್ಬರಿಗೂ ನಮಸ್ಕಾರ.

ಇಲ್ಲೀಗ ಮಳೆಗಾಲ. ಮಧ್ಯಾಹ್ನ ಮೂರಾದರೆ ಆಕಾಶ ಒಡೆದ ಹಾಗೆ ಸುರಿಯುತ್ತದೆ, ಸಂಜೆಗೆ ಏನೂ ಆಗದ ಹಾಗೆ ಬಿಸಿಲು. ಮೂಗಿನ ರಕ್ತ ನಿಂತಿದೆ.

ಕೊನೆಗೂ ದಿನ ಗೊತ್ತಾಯಿತು. ಜನವರಿ ಹದಿನೈದಕ್ಕೆ ಅರಮನೆಗೆ ಕರೆದಿದ್ದಾರೆ. ಐದು ಜನ. ಇಲ್ಲಿಗೆ ಬಂದಿಳಿದ ದಿನದ ಮೇಲೆ ಸಾಲು, ಆದ್ದರಿಂದ ನಾನು ಕೊನೆಯವನು. ಒಬ್ಬ ಹುಡುಗ, ಇನ್ನೂ ನಲವತ್ತೂ ಆಗಿಲ್ಲ, ನನಗಿಂತ ಮುಂದಿದ್ದಾನೆ. ಇರಲಿ. ಇನ್ನು ಆಸೆ ಇರುವುದು ಒಂದೇ. ಕಾರಿಗೆ ಬಾವುಟ ಏರಲಿ, ಒಂದು ಸಲ ಕೂತು ಹೋಗಿ ಬರುತ್ತೇನೆ, ಆಮೇಲೆ ಇಳಿಸಿದರೂ ಚಿಂತೆಯಿಲ್ಲ.

ನಿನ್ನ ಕಾಗದವನ್ನು ನಾಲ್ಕಾರು ಸಲ ಓದಿದೆ. ಅವರಿವರ ಕಾಗದದಲ್ಲಿ ಬರೆಯದೆ ಬಿಟ್ಟದ್ದನ್ನು ಓದುವುದೇ ನನ್ನ ಕಸುಬು, ನಿನಗೆ ಗೊತ್ತು. ನಿನ್ನ ಬರವಣಿಗೆಯಲ್ಲಿ ಬಿರುಸಿಲ್ಲ, ಚುಚ್ಚುಮಾತು ಒಂದೋ ಎರಡೋ. ಅಂದರೆ ಗುಠಿಯವರು ಮನಸಾರೆ ಒಪ್ಪಿದ್ದಾರೆ. ಎಲೆ ಹಾಕಿಸಿದರಲ್ಲ, ಅದೇ ದೊಡ್ಡದು. ನೆಮ್ಮದಿಯಾಯಿತು.

ಅತ್ತಿಗೆ ಕೆಮ್ಮು ಎಂದು ಬರೆದಿದ್ದಾಳೆ. ಅವಳು ಸ್ವಲ್ಪ ಎಂದರೆ ಸ್ವಲ್ಪ ಅಲ್ಲ. ವೈದ್ಯರಿಗೆ ತೋರಿಸು, ಬರೀ ಶುಂಠಿ ಕಷಾಯದಲ್ಲಿ ದಿನ ತಳ್ಳಬೇಡಿ.

ಅಷ್ಟಮಾನ್


ಪಾಟನ್, ಪುಷ್ಯ ೨೯

ತಮ್ಮನಿಗೆ,

ಕಾಗದ ಬಂತು. ಇದು ನಿನ್ನ ಕೈ ಸೇರುವಾಗ ಹದಿನೈದು ಕಳೆದಿರುತ್ತದೆ. ಚೆನ್ನಾಗಿ ಆಗಿರಲಿ.

ಅತ್ತಿಗೆ ತವರಿಗೆ ಹೋಗಿದ್ದಾಳೆ. ಬರುವುದು ತಡ. ಅದಕ್ಕೇ ಅವಳ ಸಾಲು ಇಲ್ಲ. ಇಲ್ಲಿ ಈ ವರ್ಷ ಚಳಿ ಬಹಳ, ಟೋಪಿ ಇಲ್ಲದೆ ತಲೆ ತಡೆಯುವುದಿಲ್ಲ.

ಹೇರಾಕಾಜಿ


ಬ್ರೆಸಿಲಿಯಾ, ೩೦ ಜನವರಿ ೨೦೧೪

ಅಣ್ಣನಿಗೆ ನಮಸ್ಕಾರ.

ನಾಲ್ಕು ಸಾಲಿನ ಕಾಗದ ಬಂತು. ನನಗೆ ಹೇಳಲು ಬಹಳ ಇದೆ, ಅದಕ್ಕೆ ನಿನ್ನ ಪಾಲಿನದನ್ನೂ ನಾನೇ ಬರೆಯುತ್ತೇನೆ.

ಹದಿನೈದಕ್ಕೆ ಉಟ್ಟದ್ದು ನಮ್ಮ ದೌರಾ ಸುರುವಾಲ್, ಮೇಲೆ ಕಪ್ಪು ಕೋಟು, ತಲೆಗೆ ಢಾಕಾ ಟೋಪಿ. ದೌರಾ ಅಂಗಿಯ ಕಸೆ ಕಟ್ಟಿಕೊಳ್ಳಲು ಹೋಗಿ ಎರಡು ಸಲ ತಪ್ಪು ಗಂಟು ಹಾಕಿದೆ. ಸೆಬಾಸ್ತಿಯಾನಾ ಬಂದು "ಬಿಡಿ ಸಿನ್ಯೋರ್, ಮದುಮಗನಿಗೆ ಯಾರಾದ್ರೂ ಕಟ್ಬೇಕು" ಅಂತ ತಾನೇ ಕಟ್ಟಿದಳು. ಅರಮನೆಯ ಇಳಿಜಾರಿನ ಎರಡೂ ಕಡೆ ಬಿಳಿ ಉಡುಪಿನ ಸಿಪಾಯಿಗಳು, ತಲೆಯ ಮೇಲೆ ಗರಿಯ ಶಿರಸ್ತ್ರಾಣ. ಮುಂದಿನ ನಾಲ್ವರು ಒಬ್ಬೊಬ್ಬರಾಗಿ ಒಳಗೆ ಹೋದರು. ನಾನು ಕಡೆಗೆ. ಪತ್ರ ಕೊಟ್ಟೆ, ಕೈಕುಲುಕಿದೆ, ಎರಡು ಮಾತು. ನಾನು ನಡೆದು ಹೋದಷ್ಟು ಹೊತ್ತೂ ಆಗಲಿಲ್ಲ ಅದು. ಆ ಪತ್ರದಲ್ಲಿ ಒಂದು ಸಾಲು ಇರುತ್ತದೆ ಅಣ್ಣ, ಎಲ್ಲ ದೇಶದವರದ್ದೂ ಒಂದೇ: ಇವರು ನಮ್ಮ ಪರವಾಗಿ ಹೇಳುವುದನ್ನೆಲ್ಲ ಸಂಪೂರ್ಣವಾಗಿ ನಂಬತಕ್ಕದ್ದು. ನನ್ನ ಮಾತನ್ನು ಹಾಗೆ ನಂಬಿ ಎಂದು ಬರೆದುಕೊಟ್ಟವರು ನಮ್ಮ ರಾಷ್ಟ್ರಪತಿಯವರೇ ಮೊದಲು.

ವಾಪಸು ಬರುವಾಗ ಕಾರಿನ ಮುಂದೆ ಬಾವುಟ ಇತ್ತು. ಮಳೆಗೆ ಒದ್ದೆಯಾಗಿ ಕಂಬಿಗೆ ಅಂಟಿಕೊಂಡಿತ್ತು, ಹಾರಲಿಲ್ಲ. ಮನೆಗೆ ಬಂದು ಟೋಪಿ ತೆಗೆದು ಕುರ್ಚಿಯ ಮೇಲಿಟ್ಟೆ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಹೇಳಲು ಯಾರೂ ಇರಲಿಲ್ಲ. ಇಷ್ಟು ವರ್ಷ ಇದಕ್ಕೇ ಕಾದೆನಾ ಅನ್ನಿಸಿ ಬಹಳ ದಣಿವಾಯಿತು, ಅಲ್ಲೇ ಕೂತು ನಿದ್ದೆ ಹೋದೆ.

ಅತ್ತಿಗೆ ತವರಿಗೆ ಹೋಗಿದ್ದಾಳೆ ಎಂದು ಬರೆದೆ. ಸೇತುವೆ ದಾಟಿದರೆ ಕಾಠ್ಮಂಡು, ಅವಳ ತವರು. ಹೋದರೂ ಸಂಜೆಗೆ ಬಂದುಬಿಡುವ ಹೆಂಗಸು. ನನಗೆ ಅರ್ಥವಾಯಿತು ಅಣ್ಣ. ಗುಠಿಗೆ ಬರಲಿಲ್ಲ ಎಂದು ನನ್ನ ಮೇಲೆ ಸಿಟ್ಟು, ಅದಕ್ಕೆ ಒಂದು ಸಾಲೂ ಬರೆದಿಲ್ಲ. ಏಳು ವರ್ಷದವನಿದ್ದಾಗಿಂದ ನೋಡಿದ್ದೇನೆ, ಅವಳ ಸಿಟ್ಟಿಗೆ ಮಾತಿಲ್ಲ, ಪಾತ್ರೆ ಜೋರಾಗಿ ಇಡುತ್ತಾಳೆ ಅಷ್ಟೇ. ಈ ಚೀಲದಲ್ಲಿ ಅವಳಿಗೆ ಒಂದು ಕೆಂಪು ಶಾಲು ಇಟ್ಟಿದ್ದೇನೆ. ಪೆರು ದೇಶದ ಉಣ್ಣೆ, ಬೆಚ್ಚಗಿರುತ್ತದೆ. ರಾಯಭಾರಿ ಕಳಿಸಿದ್ದು ಎಂದು ಹೇಳಬೇಡ, ಬಾಬು ಕಳಿಸಿದ್ದು ಎನ್ನು.

ಅಷ್ಟಮಾನ್


ಪಾಟನ್, ಫಾಲ್ಗುಣ ೧೨

ತಮ್ಮ ಅಷ್ಟಮಾನ್,

ಕೆಂಪು ಶಾಲು ವಾಪಸು ಕಳಿಸಿದ್ದೇನೆ. ಚೆನ್ನಾಗಿದೆ. ಇಲ್ಲಿ ಹೊದೆಯುವವರಿಲ್ಲ.

ಪುಷ್ಯ ೨೨ರ ಬೆಳಿಗ್ಗೆ ನಿನ್ನ ಅತ್ತಿಗೆ ಹೋದಳು. ಕೆಮ್ಮು ಎದೆಗೆ ಇಳಿದಿತ್ತು. ವೈದ್ಯರಿಗೆ ತೋರಿಸಿದೆ, ಮದ್ದು ಕೊಡಿಸಿದೆ, ನಿಲ್ಲಲಿಲ್ಲ. ತವರಿಗೆ ಹೋಗಿದ್ದಾಳೆ ಎಂದು ಬರೆದೆ. ಬರೆಯುವಾಗ ಅದು ಅಷ್ಟೇನೂ ಸುಳ್ಳು ಅನ್ನಿಸಲಿಲ್ಲ.

ಯಾಕೆ ತಿಳಿಸಲಿಲ್ಲ ಎಂದು ಕೇಳುತ್ತೀಯ. ನಮಗೆ ಸೂತಕ. ತಿಳಿದಿದ್ದರೆ ನೀನು ಆ ಅರಮನೆಗೆ ಹೋಗುತ್ತಿರಲಿಲ್ಲ. ತಿಳಿದೂ ಹೋಗಿದ್ದರೆ ನಾನು ನಿನ್ನನ್ನು ತಮ್ಮ ಅನ್ನುತ್ತಿರಲಿಲ್ಲ. ಎರಡೂ ಬೇಡ ಅನ್ನಿಸಿತು. ಅವಳೂ ಹಿಂದಿನ ದಿನ ನನ್ನ ಅಂಗೈ ಹಿಡಿದುಕೊಂಡು, ನನಗೆ ತಿಳಿಯಲಿ ಎಂದು ಬಾಯಿ ನಿಧಾನ ಆಡಿಸಿ ಹೇಳಿದಳು, "ಬಾಬುಗೆ ಈಗ್ಲೇ ಹೇಳ್ಬೇಡಿ. ಅವನ ಬಾವುಟ ಏರ್ಲಿ ಮೊದ್ಲು." ಬಿಮರ್ಶನಿಗೂ ತಂತಿ ಕಳಿಸಕೂಡದು ಎಂದು ಹೇಳಿದ್ದೆ. ಅವನು ಮಾತು ಉಳಿಸಿಕೊಂಡ.

ಇನ್ನು ಗುಠಿಯ ವಿಷಯ. ಬರೆಯದೆ ಬಿಟ್ಟದ್ದನ್ನು ಓದುತ್ತೇನೆ ಎಂದಿದ್ದೆ. ನೀನು ಓದಿದ್ದೆಲ್ಲ ತಪ್ಪು. ಕಾರ್ತಿಕದಲ್ಲಿ ನಿನ್ನ ಕಾಗದ ಓದಿ ಮುಗಿದ ಮೇಲೆ ಅಜ್ಜ ಬಿಮರ್ಶನನ್ನು ಕೇಳಿದ, "ಸಾವಾದ್ರೆ ಬಾಗಿಲು ತಟ್ಟೋನು ನೀನೇನಾ ಮಗಾ?" ಹುಡುಗ ಎದ್ದು ನಿಂತು, "ಮೇಲಿನವ್ರನ್ನ ಕೇಳಿ ತಿಳಿಸ್ತೀನಿ" ಅಂದ. ಇಡೀ ಸಾಲು ನಕ್ಕಿತು. ಎಲ್ಲರ ಬಾಯಿ ನೋಡಿ ನನಗೆ ಗೊತ್ತಾಯಿತು, ಆಮೇಲೆ ಅತ್ತಿಗೆ ಏನೆಂದು ಬಿಡಿಸಿ ಹೇಳಿದಳು. ಅಜ್ಜ ನನ್ನ ಕಡೆ ತಿರುಗಿ, "ಸಾಯೋದಕ್ಕೂ ಬದಲಿ ಕಳಿಸ್ತಾನಾ ನಿನ್ ತಮ್ಮ?" ಅಂದ. ಅವತ್ತು ನಗದವಳು ನಿನ್ನ ಅತ್ತಿಗೆ ಒಬ್ಬಳೇ. ಗುಠಿಯವರು ತೀರ್ಮಾನ ಮಾಡಿದ್ದು ಇಷ್ಟು: ಮೊದಲ ಸಾವಿನವರೆಗೆ ಹೆಸರು ಇರಲಿ. ಆ ದಿನ ಅವನ ಒಲೆಯವರು ಯಾರೂ ಬಂದು ಕರೆಯದಿದ್ದರೆ ಪಾಳಿ ಮುಂದಿನ ಮನೆಗೆ, ಅವನ ಹೆಸರು ಆಚೆಗೆ.

ಆ ಮೊದಲ ಸಾವು ನಮ್ಮ ಮನೆಯಲ್ಲೇ ಆಯಿತು.

ಅಜ್ಜನೇ ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತ. ಅವನ ಕಣ್ಣಲ್ಲೂ ನೀರಿತ್ತು. "ನೀನು ಕೂತ್ಕೊಳಪ್ಪ. ಪಕ್ಕದ ಮನೆಯವ್ರು ಪಾಳಿ ಎತ್ಕೊತಾರೆ" ಅಂದ. ಪಕ್ಕದ ಮನೆಯವರು ಎತ್ತಿಕೊಂಡರೆ ನಿನ್ನ ಹೆಸರು ಅಲ್ಲಿಗೆ ಮುಗಿಯಿತು. ನಾನು ಹೇಳಿದೆ, "ಅಷ್ಟಮಾನಂದೂ ನಂದೂ ಇವತ್ತಿಂದ ಒಲೆ ಒಂದೇ. ಅವನ ಪಾಳಿ ಅಂದ್ರೆ ನನ್ ಪಾಳಿ. ನಾನೇ ಕರೀತೀನಿ." ಅಜ್ಜ ನನ್ನ ತೋಳು ಹಿಡಿದ. "ಹುಚ್ಚು ಹುಚ್ಚಾಗಿ ಆಡ್ಬೇಡ. ಒಳಗೆ ಮಲಗಿರೋಳು ನಿನ್ ಹೆಂಡ್ತಿ" ಅಂದ. ಕೈ ಬಿಡಿಸಿಕೊಂಡು ಹೋದೆ.

ಬಾಗಿಲು ತಟ್ಟಿ ಕರೆದೆ, "ನಮ್ಮನೇಲಿ ಹೋಗಿದಾಳೆ, ಬನ್ನಿ." ಒಳಗಿನಿಂದ ಯಾರಾದರೂ ಓ ಎಂದರೂ ನನಗೆ ಕೇಳುವುದಿಲ್ಲ. ಅದಕ್ಕೆ ಒಬ್ಬೊಬ್ಬರ ಬಾಗಿಲಲ್ಲೂ ಮುಖ ಕಾಣುವವರೆಗೆ ನಿಂತೆ. ಕೆಲವರು ನಿದ್ದೆಯಿಂದ ಏಳುವುದು ತಡವಾಯಿತು. ಆಮೇಲೆ ಬಿದಿರು ತಂದು ಕಟ್ಟಿದೆ. ಬಟ್ಟೆ ತಂದೆ. ಶಂಖಮೂಲದ ಸ್ಮಶಾನಘಟ್ಟಕ್ಕೆ ಸೌದೆ ಸಾಗಿಸಿದೆ. ಸೌದೆಯಲ್ಲಿ ಹಸಿ ತುಂಡು ಇದ್ದವು, ಜಗಳ ಮಾಡಿ ಬದಲಾಯಿಸಿದೆ. ಹೆಗಲು ಎಲ್ಲರೂ ಕೊಟ್ಟರು. ಬಿಮರ್ಶ ದೂರದಲ್ಲಿ ನಿಂತಿದ್ದ, ಹೋಗು ಎಂದರೂ ಹೋಗಲಿಲ್ಲ. ಬೆಂಕಿ ಇಟ್ಟದ್ದೂ ನಾನೇ.

ಅಳಲು ಹೊತ್ತು ಸಿಗಲಿಲ್ಲ. ಕೆಲಸ ಮುಗಿಯಲಿ, ಆಮೇಲೆ ಅಳೋಣ ಎಂದುಕೊಂಡೆ. ಆಮೇಲೆ ಅದು ಬರುವುದಿಲ್ಲ ತಮ್ಮಾ. ಈಗಲೂ ಬಂದಿಲ್ಲ.

ನಿನ್ನ ಮೇಲೆ ಹೊರಿಸಲು ಇದನ್ನು ಬರೆದಿಲ್ಲ. ಶಾಲು ಬಂದದ್ದರಿಂದ ಬರೆಯಬೇಕಾಯಿತು. ನಿನ್ನ ಹೆಸರು ಉಳಿದಿದೆ.

ಹೇರಾಕಾಜಿ


ಬ್ರೆಸಿಲಿಯಾ, ೧೪ ಮಾರ್ಚ್ ೨೦೧೪

ಅಣ್ಣ,

ನಿನ್ನ ಕಾಗದ ಕೈಯಲ್ಲಿ ಹಿಡಿದು ಹಿತ್ತಲಿನ ಮೆಟ್ಟಿಲ ಮೇಲೆ ಕೂತಿದ್ದೆ. ಸೆಬಾಸ್ತಿಯಾನಾ ಬಂದು ಪಕ್ಕದಲ್ಲಿ ಕೂತಳು. "ಯಾರು ಸಿನ್ಯೋರ್?" ಅಂದಳು. "ಅಮ್ಮ" ಅಂದೆ. ಅತ್ತಿಗೆ ಅನ್ನಲು ಅವರ ಭಾಷೆಯಲ್ಲಿ ಮಾತು ಇದೆ, ನನಗೆ ಗೊತ್ತೂ ಇದೆ. ಬಾಯಿಗೆ ಅದು ಬರಲಿಲ್ಲ.

ತಲೆ ಬೋಳಿಸಿಕೊಂಡಿದ್ದೇನೆ. ಹೊತ್ತು ಮೀರಿದ ಸೂತಕ, ಆದರೂ ಮಾಡಿದೆ. ಮಾರನೆಯ ದಿನ ಒಂದು ಭೋಜನಕೂಟವಿತ್ತು, ರಾಯಭಾರಿಗಳೆಲ್ಲ ನನ್ನ ಬೋಳು ತಲೆ ನೋಡಿ ಈ ಸೆಖೆಗೆ ಒಳ್ಳೆಯ ಉಪಾಯ ಅಂದರು. ನಾನು ನಕ್ಕೆ. ನಗುವುದು ಅಭ್ಯಾಸವಾಗಿಬಿಟ್ಟಿದೆ ಅಣ್ಣ, ಇದೊಂದು ರೋಗ.

ರಜನಿಯ ವಿಷಯ ಈಗ ಸರಿಯಾಗಿ ಬರೆಯುತ್ತೇನೆ. ಗೌರವದಿಂದ ನಡೆಯಿತು ಎಂದಿದ್ದೆನಲ್ಲ, ಹೂವಿತ್ತು, ಐದಾರು ದೇಶದವರು ಕಾರು ನಿಲ್ಲಿಸಿ ಬಂದಿದ್ದರು. ಆದರೆ ಅವಳನ್ನು ಯಾರೂ ಹೊರಲಿಲ್ಲ. ಗಾಲಿಯ ಮೇಲಿಟ್ಟು ತಳ್ಳಿಕೊಂಡು ಹೋದರು. ಒಂದು ಗಾಲಿ ಕಿರಕಿರ ಅನ್ನುತ್ತಿತ್ತು. ನಾನು ಹೆಗಲು ಕೊಡುತ್ತೇನೆ ಅಂದೆ, ಇಲ್ಲಿ ಆ ಪದ್ಧತಿ ಇಲ್ಲ ಎಂದು ಬಹಳ ನಯವಾಗಿ ಹೇಳಿದರು. ನಯವಾಗಿ ಹೇಳಿದ್ದನ್ನು ಒಪ್ಪಿಕೊಳ್ಳುವುದೇ ನನ್ನ ಕೆಲಸವಾಗಿತ್ತಲ್ಲ, ಒಪ್ಪಿಕೊಂಡೆ. ಅವತ್ತಿನಿಂದ ನಾಲ್ಕು ಹೆಗಲು ಬೇಕು ಎಂಬ ಆಸೆ ನನಗೆ. ಆ ಆಸೆಗೆ ನೀನು ಅತ್ತಿಗೆಯ ಬಿದಿರು ಕಟ್ಟಿದೆ.

ನೀನು ನನ್ನ ಮೇಲೆ ಹೊರಿಸಿಲ್ಲ ಎಂದು ಬರೆದೆ. ಹೊರಿಸಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಿವೃತ್ತಿಯ ಶ್ರಾವಣದವರೆಗೂ ಕಾಯದೆ ವಾಪಸು ಕರೆಸಿಕೊಳ್ಳಿ ಎಂದು ಇಲಾಖೆಗೆ ಬರೆದಿದ್ದೇನೆ. ಒಪ್ಪುವ ಹಾಗೆ ಕಾಣುತ್ತದೆ. ನಮ್ಮಲ್ಲಿ ಇದಕ್ಕೂ ಒಂದು ಪದ್ಧತಿ ಇದೆ. ನಾನು ಹೊರಟೆ ಎಂಬ ಪತ್ರವನ್ನು ನಾನು ಕೊಡುವ ಹಾಗಿಲ್ಲ, ನನ್ನ ನಂತರ ಬರುವವನು ತನ್ನ ಪತ್ರದ ಜೊತೆ ತಂದು ಕೊಡುತ್ತಾನೆ. ಅಲ್ಲಿಯವರೆಗೆ ಕಾಗದದ ಮೇಲೆ ನಾನು ಇಲ್ಲೇ ಇರುತ್ತೇನೆ. ಇರಲಿ, ಕಾಗದ ಇಲ್ಲಿರಲಿ. ನಾನು ಬರುತ್ತೇನೆ.

ಬರುವ ಕಾರ್ತಿಕದ ಪಾಳಿಯನ್ನು ನನಗೆ ಕೊಡಲು ಅಜ್ಜನನ್ನು ಕೇಳು. ಯಾರ ಸರದಿ ಇದ್ದರೂ ಸರಿ, ನಾನು ಮಾಡುತ್ತೇನೆ. ಸಾಲಿನಲ್ಲಿ ಎಲ್ಲಿ ಕೂರಿಸಿದರೂ ಕೂರುತ್ತೇನೆ.

ಶಾಲನ್ನು ಸೆಬಾಸ್ತಿಯಾನಾಗೆ ಕೊಡಲು ಹೋದೆ. "ನನಗ್ಯಾಕೆ, ಇದಕ್ಕೆ ಒಬ್ರ ಹೆಸರು ಇದೆ" ಅಂದಳು. ವಾಪಸು ನನ್ನ ಜೊತೆಗೇ ತರುತ್ತೇನೆ.

ಅಷ್ಟಮಾನ್


ಪಾಟನ್, ಚೈತ್ರ ೨೪

ತಮ್ಮನಿಗೆ ಆಶೀರ್ವಾದ.

ಅಜ್ಜ ಒಪ್ಪಿದ. ಮೊದಲು ಒಪ್ಪಲಿಲ್ಲ. "ಮತ್ತೆ ಯಾವನ್ನ ಕಳಿಸ್ತಾನೆ ನೋಡ್ಕೋ" ಅಂದ. ನಿನ್ನ ಕಾಗದ ತೋರಿಸಿದೆ. ಅವನಿಗೆ ಓದಲು ಬರುವುದಿಲ್ಲ, ಮುದ್ರೆ ಇದೆಯಾ ಎಂದು ತಿರುಗಿಸಿ ನೋಡಿದ. ಇರಲಿಲ್ಲ. "ಹಂಗಾದ್ರೆ ಬರ್ತಾನೆ" ಅಂದ.

ಹೆಸರು ಉಳಿದಿದ್ದರೂ ಹೊಸಬನ ಲೆಕ್ಕದಲ್ಲೇ ನಿನ್ನನ್ನು ಸೇರಿಸಿಕೊಳ್ಳುತ್ತಾರೆ. ಕೊನೆಯ ಎಲೆ ನಿನ್ನದು. ನಿನ್ನ ಮೊಮ್ಮಗನ ವಯಸ್ಸಿನವರು ಮೇಲೆ ಕೂರುತ್ತಾರೆ, ನೀನು ಅವರಿಗೆ ಬಡಿಸಿ ಆಮೇಲೆ ಕೂರಬೇಕು. ಅರಮನೆಯಲ್ಲೂ ಕೊನೆಯವನೇ ಆಗಿದ್ದೆಯಲ್ಲ, ಕಷ್ಟವಾಗದು. ಕಣ್ಣು ಕಿವಿ ಏನೂ ನಿನ್ನ ಎಲೆಗೆ ಬೀಳುವುದಿಲ್ಲ, ಅವಲಕ್ಕಿ ಬೇಕಾದಷ್ಟು ಸಿಗುತ್ತದೆ.

ಲೇಸು ಕಟ್ಟುವ ಬೂಟು ತರಬೇಡ. ನೀನು ಅದನ್ನು ಬಿಚ್ಚಿ ಮುಗಿಸುವಷ್ಟರಲ್ಲಿ ಹೆಣ ಶಂಖಮೂಲ ಮುಟ್ಟಿರುತ್ತದೆ. ವಿಮಾನ ನಿಲ್ದಾಣಕ್ಕೆ ಯಾರನ್ನೂ ಕರೆಸಿಕೊಳ್ಳಬೇಡ, ಬಿಮರ್ಶನನ್ನೂ ಬೇಡ. ಓಣಿಯ ತನಕ ನಡೆದು ಬಾ, ಎಲ್ಲರೂ ನೋಡಲಿ. ಲಪ್ಸಿ ಉಪ್ಪಿನಕಾಯಿಯ ಜಾಡಿ ಅವಳು ಬಟ್ಟೆ ಕಟ್ಟಿ ಇಟ್ಟ ಹಾಗೇ ಇದೆ. ನಾನು ಬಿಚ್ಚಿಲ್ಲ.

ಒಲೆ ಒಂದಾದ ಮೇಲೆ ಒಂದು ತೊಡಕಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಪಾಳಿಯ ವರ್ಷದಲ್ಲಿ ನಾನು ಸತ್ತರೆ, ಸಾವಿನ ಮನೆಯವನೂ ನೀನೇ, ಬಾಗಿಲು ತಟ್ಟುವವನೂ ನೀನೇ ಆಗುತ್ತೀಯ. ಹಾಗೆ ನಿಂತವನು ಈ ಮನೆಯಲ್ಲಿ ನಾನೊಬ್ಬನೇ ಸಾಕು.

ಆದ್ದರಿಂದ ಬರುವ ಕಾರ್ತಿಕದಿಂದ ಅದರ ಮುಂದಿನ ಕಾರ್ತಿಕದವರೆಗೆ ನಾನು ಸಾಯುವುದಿಲ್ಲ. ಅಜ್ಜನಿಗೂ ಹೇಳಿದ್ದೇನೆ. ಕೆಮ್ಮು ಬಂದರೆ ಅವತ್ತೇ ಮದ್ದು ತಗೊಳ್ಳುತ್ತೇನೆ, ಮೆಟ್ಟಿಲು ನೋಡಿ ಇಳಿಯುತ್ತೇನೆ. ಪಾಳಿ ಇನ್ನೊಬ್ಬರಿಗೆ ಒಪ್ಪಿಸಿದ ಮಾರನೆಯ ದಿನದಿಂದ ನನ್ನ ಇಷ್ಟ. ಆಗ ಬೇರೆಯವರು ಬಂದು ಬಾಗಿಲು ತಟ್ಟುತ್ತಾರೆ, ಬಿದಿರು ಕಟ್ಟುತ್ತಾರೆ, ಸೌದೆಗೆ ಜಗಳ ಮಾಡುತ್ತಾರೆ. ನೀನು ಯಾವುದಕ್ಕೂ ಕೈ ಹಾಕಬೇಡ. ಕೂತು ಅಳು. ಅತ್ತಿಗೆಯ ಪಾಲಿನದನ್ನೂ ಅಳು, ಅದು ಇನ್ನೂ ಬಾಕಿ ಇದೆ.

ಹೇರಾಕಾಜಿ